ಕಾರ್ಮಿಕರ ಮಕ್ಕಳ ಸ್ಕಾಲರ್‌ಶಿಪ್: ಅರ್ಜಿ ರಿಜೆಕ್ಟ್ ಆಗದ ಹಾಗೆ ಹಾಕೋದು ಹೇಗೆ, ಮೊದಲಿಂದ ಕೊನೆ ತನಕ

ಸ್ಕೂಲು ಕಾಲೇಜು ಶುರುವಾಗಿ ಎರಡು ಮೂರು ತಿಂಗಳು ಆಗ್ತಿದ್ದ ಹಾಗೇ ನಮ್ಮ ಸಂಘದ ಆಫೀಸಿಗೆ ಜನ ಬರೋಕೆ ಶುರು ಮಾಡ್ತಾರೆ. "ಹೋದ್ ವರ್ಷ ಹಾಕಿದ್ವಿ ಸಾರ್, ಬರ್ಲಿಲ್ಲ, ಈ ವರ್ಷನಾದ್ರೂ ಬರುತ್ತಾ" ಅಂತ. ನಾನು ಸಂಜೆ ಹೊತ್ತು ಅಲ್ಲಿ ಕೂತು ಫಾರ್ಮ್ ತುಂಬಿಸ್ಕೊಡ್ತೀನಿ. ಹಳೇ ಅರ್ಜಿ ತೆಗೆದು ನೋಡಿದ್ರೆ ಹತ್ತಕ್ಕೆ ಎಂಟು ಕೇಸಲ್ಲಿ ಅರ್ಜಿ ತುಂಬಿದ್ದು ಸರಿಯಾಗೇ ಇರುತ್ತೆ, ತಪ್ಪಾಗಿರೋದು ಅರ್ಜಿಗಿಂತ ಮುಂಚೆ. ಅಪ್ಪನ ಲೇಬರ್ ಕಾರ್ಡ್ ಅವಧಿ ಮುಗಿದಿರುತ್ತೆ, ಮಗಳ ಹೆಸರು ಆಧಾರ್‌ನಲ್ಲಿ ಒಂಥರ ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂಥರ, ಬ್ಯಾಂಕ್ ಖಾತೆ ಆಧಾರ್‌ಗೆ ಮ್ಯಾಪ್ ಆಗಿರಲ್ಲ. ಇವನ್ನೆಲ್ಲ ಕೊನೇ ವಾರ ಸರಿಮಾಡ್ಕೊಳೋಕೆ ಆಗಲ್ಲ, ಒಂದೊಂದಕ್ಕೂ ವಾರಗಟ್ಟಲೆ ಬೇಕು.

ಅದಕ್ಕೆ ಕೆಳಗಿನ ಹಂತಗಳನ್ನ ಇದೇ ಆರ್ಡರ್‌ನಲ್ಲಿ ಮಾಡಿ. ಫಾರ್ಮ್ ತುಂಬೋದು ಆರನೇ ಹಂತದಲ್ಲಿ ಬರುತ್ತೆ. ಅದನ್ನ ಮೊದಲು ಮಾಡೋಕೆ ಹೋಗ್ಬೇಡಿ ದಯವಿಟ್ಟು.

## ಹಂತ 1: ನೀವು ಯಾವ ಮಂಡಳಿಗೆ ಸೇರ್ತೀರಿ ಅಂತ ಮೊದಲು ಗೊತ್ತು ಮಾಡ್ಕೊಳಿ

ಇಲ್ಲೇ ಅರ್ಧ ಜನ ದಾರಿ ತಪ್ಪೋದು. "ಲೇಬರ್ ಸ್ಕಾಲರ್‌ಶಿಪ್" ಅಂತ ಎಲ್ರೂ ಒಂದೇ ಹೆಸರಲ್ಲಿ ಕರೀತಾರೆ, ಆದ್ರೆ ಕರ್ನಾಟಕದಲ್ಲಿ ಅದು ಒಂದೇ ಅಲ್ಲ. ದುಡ್ಡು ಬೇರೆ ಬೇರೆ ಕಡೆಯಿಂದ ಬರುತ್ತೆ, ಪೋರ್ಟಲ್ ಬೇರೆ, ನಿಯಮ ಬೇರೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ತಾಯಿ ಕಟ್ಟಡ ಕಾರ್ಮಿಕರ ಅರ್ಜಿ ಹಾಕಿದ್ರೆ ಎಷ್ಟು ಸರಿಯಾಗಿ ತುಂಬಿದ್ರೂ ರಿಜೆಕ್ಟೇ.

ಫ್ಯಾಕ್ಟರಿ, ಗಾರ್ಮೆಂಟ್ಸ್, ಕಂಪನಿ, ದೊಡ್ಡ ಅಂಗಡಿ ಇಂಥ ಸಂಘಟಿತ ವಲಯದಲ್ಲಿ ಇದ್ರೆ ನಿಮ್ಮದು ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ. ಇದನ್ನ ಪತ್ತೆ ಹಚ್ಚೋಕೆ ಸುಲಭ ದಾರಿ ಒಂದಿದೆ, ಡಿಸೆಂಬರ್ ತಿಂಗಳ ಸಂಬಳದ ಸ್ಲಿಪ್ ತೆಗೆದು ನೋಡಿ, ಅದರಲ್ಲಿ ಲೇಬರ್ ವೆಲ್‌ಫೇರ್ ಫಂಡ್ ಅಂತಾನೋ ಎಲ್‌ಡಬ್ಲ್ಯೂಎಫ್ ಅಂತಾನೋ ವರ್ಷಕ್ಕೊಂದ್ಸಲ ಕಟ್ ಆಗಿರುತ್ತೆ. ಮೊದಲು ಕಾರ್ಮಿಕನಿಂದ 20 ರೂಪಾಯಿ ಮಾಲೀಕನಿಂದ 40 ಇತ್ತು, 2025ರಲ್ಲಿ ಅದನ್ನ 50 ಮತ್ತು 100 ಮಾಡಿದ್ರು. ಆ ಕಟಿಂಗ್ ಇದ್ರೆ ನಿಮಗೆ ಇಲ್ಲಿ ಅರ್ಜಿ ಹಾಕೋ ದಾರಿ ಇದೆ. ಇಲ್ಲಿ ಮೂರು ನಿಯಮ ನೆನಪಿಟ್ಕೊಳಿ: ತಿಂಗಳ ಸಂಬಳ 35,000 ದಾಟಿರಬಾರದು, ಒಂದು ಕುಟುಂಬದಲ್ಲಿ ಒಂದೇ ಮಗುಗೆ ಸಿಗೋದು, ಹಿಂದಿನ ಪರೀಕ್ಷೇಲಿ ಸಾಮಾನ್ಯ ವರ್ಗದವರಿಗೆ 50 ಪರ್ಸೆಂಟ್, ಎಸ್‌ಸಿ ಎಸ್‌ಟಿ ಮಕ್ಕಳಿಗೆ 45 ಪರ್ಸೆಂಟ್ ಬಂದಿರ್ಬೇಕು. ಇಬ್ರು ಮಕ್ಕಳಿದ್ರೆ ಯಾರ ಕೋರ್ಸಿಗೆ ಮೊತ್ತ ಜಾಸ್ತಿ ಇದೆ ನೋಡ್ಕೊಂಡು ಅವರ ಹೆಸರಲ್ಲಿ ಹಾಕಿ, ಹೈಸ್ಕೂಲಿಗೂ ಇಂಜಿನಿಯರಿಂಗ್‌ಗೂ ಮೊತ್ತದಲ್ಲಿ ತುಂಬಾ ವ್ಯತ್ಯಾಸ ಇರುತ್ತೆ.

ಗಾರೆ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ಪೇಂಟಿಂಗ್, ಟೈಲ್ಸ್, ಪ್ಲಂಬಿಂಗ್, ಕಟ್ಟಡದ ಎಲೆಕ್ಟ್ರಿಕಲ್ ಕೆಲಸ ಇದ್ರೆ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ. ಇಲ್ಲಿ ಇಬ್ರು ಮಕ್ಕಳ ತನಕ ಸಿಗುತ್ತೆ. ಮೊತ್ತ ಎಷ್ಟು ಅಂತ ಮಾತ್ರ ಯಾರ ಬಾಯಿ ಮಾತೂ ನಂಬ್ಬೇಡಿ, ಹಳೇ ವಾಟ್ಸಾಪ್ ಫೋಟೋ ನೋಡ್ಕೊಂಡೂ ಬರಬೇಡಿ. 2023ರಲ್ಲಿ ಈ ಮೊತ್ತನ ಕಡಿತ ಮಾಡಿದ್ರು, ಅದು ಹೈಕೋರ್ಟ್ ತನಕ ಹೋಯ್ತು. ನೀವು ಅರ್ಜಿ ಹಾಕೋ ವರ್ಷದ ಪ್ರಕಟಣೆಯಲ್ಲಿ ಏನಿದೆಯೋ ಅದೇ ಲೆಕ್ಕ.

ಮಂಗಳೂರು, ಉಡುಪಿ, ತುಮಕೂರು ಕಡೆ ಬೀಡಿ ಕಟ್ಟೋ ಅಕ್ಕಂದಿರಿಗೆ ಇದು ರಾಜ್ಯದ್ದಲ್ಲ, ಕೇಂದ್ರ ಕಾರ್ಮಿಕ ಸಚಿವಾಲಯದ್ದು, ಅರ್ಜಿ ಹಾಕೋದು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಸಿನಿಮಾ ಕಾರ್ಮಿಕರಿಗೆ, ಕಬ್ಬಿಣದ ಅದಿರು ಸುಣ್ಣಕಲ್ಲು ಗಣಿ ಕಾರ್ಮಿಕರಿಗೆ ಕೂಡ ಇದೇ ಯೋಜನೆ. ಒಂದರಿಂದ ನಾಲ್ಕನೇ ಕ್ಲಾಸಿಗೆ ವರ್ಷಕ್ಕೆ 1,000, ಐದರಿಂದ ಎಂಟಕ್ಕೆ 1,500, ಒಂಬತ್ತು ಹತ್ತಕ್ಕೆ 2,000, ಪಿಯುಸಿಗೆ 3,000, ಐಟಿಐ ಡಿಪ್ಲೊಮಾ ಡಿಗ್ರಿಗೆ 6,000, ಇಂಜಿನಿಯರಿಂಗ್ ಮೆಡಿಕಲ್ ಥರದ ವೃತ್ತಿ ಕೋರ್ಸಿಗೆ 25,000. ಚಿಕ್ಕ ಕ್ಲಾಸಿಗೆ ಸಾವಿರ ರೂಪಾಯಿಗೆ ಯಾರು ಓಡಾಡ್ತಾರೆ ಅಂತ ಬಿಟ್ಬಿಡ್ತಾರೆ ಜನ. ಬಿಡಬೇಡಿ, ಆವಾಗಿಂದ್ಲೇ ಹೆಸರು ದಾಖಲೆ ಸರಿ ಮಾಡ್ಕೊಂಡು ಬಂದಿದ್ರೆ 25,000ದ ವರ್ಷ ಬಂದಾಗ ಒದ್ದಾಡೋದು ತಪ್ಪುತ್ತೆ.

ಇನ್ನೊಂದು ಮಾತು, ಇದು ಸ್ಕಾಲರ್‌ಶಿಪ್ ಅಲ್ಲ ಆದ್ರೂ ಹೇಳ್ಬೇಕು. ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದ್ರೆ ಕಾರ್ಮಿಕರ ಆರೋಗ್ಯ ವಿಮೆ, ಕಟ್ ಆಗ್ತಿದ್ದು ಮಗ ಅಥವಾ ಮಗಳು ನೀಟ್ ಬರೀತಿದ್ರೆ, ಇಎಸ್‌ಐ ಮೆಡಿಕಲ್ ಕಾಲೇಜುಗಳಲ್ಲಿ ವಿಮಾದಾರರ ಮಕ್ಕಳಿಗೆ ಬೇರೆ ಸೀಟು ಇಟ್ಟಿರ್ತಾರೆ, ನಮ್ಮ ರಾಜ್ಯದಲ್ಲಿ ರಾಜಾಜಿನಗರ ಮತ್ತೆ ಕಲಬುರಗಿಯಲ್ಲಿ ಅಂಥ ಕಾಲೇಜಿದೆ. ಅದಕ್ಕೆ ಇಎಸ್‌ಐನಿಂದ ಒಂದು ಸರ್ಟಿಫಿಕೇಟ್ ಮೊದಲೇ ತಗೊಂಡಿರ್ಬೇಕು. ಇದು ಗೊತ್ತಿಲ್ದೇನೇ ಎಷ್ಟೋ ಮಕ್ಕಳ ಕೈ ತಪ್ಪುತ್ತೆ.

## ಹಂತ 2: ಸಂಘದ ಕಾರ್ಡ್ ಬೇರೆ, ಮಂಡಳಿ ಕಾರ್ಡ್ ಬೇರೆ

ಅತಿ ಹೆಚ್ಚು ಬೇಜಾರಾಗೋ ತಪ್ಪು ಇದು. ಸಂಘಕ್ಕೆ ವರ್ಷ ವರ್ಷ ಚಂದಾ ಕಟ್ಟಿರ್ತಾರೆ, ರಶೀದಿ ಜೋಪಾನ ಮಾಡಿರ್ತಾರೆ, ಸಂಘದ ಐಡಿ ಕಾರ್ಡ್ ಜೇಬಲ್ಲಿರುತ್ತೆ, ಅದನ್ನೇ ಲೇಬರ್ ಕಾರ್ಡ್ ಅಂದ್ಕೊಂಡಿರ್ತಾರೆ. ಸಂಘದ ಸದಸ್ಯತ್ವದಿಂದ ಮಂಡಳಿ ನೋಂದಣಿ ತಾನಾಗೇ ಆಗಲ್ಲ. ಎರಡೂ ಬೇರೆ ಬೇರೆ ಪ್ರಕ್ರಿಯೆ.

ಕಟ್ಟಡ ಕಾರ್ಮಿಕರ ನೋಂದಣಿಗೆ ವಯಸ್ಸು 18ರಿಂದ 60ರ ಒಳಗಿರ್ಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರ್ಬೇಕು. ಆ 90 ದಿನಕ್ಕೆ ಉದ್ಯೋಗ ದೃಢೀಕರಣ ಪತ್ರ ಬೇಕು. ಒಬ್ಬನೇ ಮೇಸ್ತ್ರಿ ಹತ್ರ ಕಾಯಂ ಕೆಲಸ ಮಾಡೋರಿಗೆ ಇದು ಕಷ್ಟ ಅಲ್ಲ. ದಿನಾ ಬೆಳಗ್ಗೆ ನಾಕಾದಲ್ಲಿ ನಿಂತು ಸಿಕ್ಕ ಕಡೆ ಹೋಗೋರಿಗೆ ಯಾರು ಬರ್ಕೊಡ್ತಾರೆ ಹೇಳಿ. ನೋಂದಾಯಿತ ಸಂಘ ನಿಜಕ್ಕೂ ಉಪಯೋಗಕ್ಕೆ ಬರೋದು ಇಲ್ಲೇ, ಸದಸ್ಯ ಕೆಲಸ ಮಾಡೋದು ಗೊತ್ತಿರೋದ್ರಿಂದ ಸಂಘ ಪತ್ರ ಕೊಡಬಹುದು. ಒಂದು ಸಣ್ಣ ನೋಟ್‌ಬುಕ್ ಇಟ್ಕೊಳಿ ಅಂತ ನಾನು ಎಲ್ರಿಗೂ ಹೇಳ್ತೀನಿ, ದಿನಾಂಕ, ಯಾವ ಏರಿಯಾ, ಯಾರ ಮನೆ ಕೆಲಸ, ಮೇಸ್ತ್ರಿ ಫೋನ್ ನಂಬರ್, ಅಷ್ಟು ಸಾಕು. ಲೇಬರ್ ಇನ್ಸ್‌ಪೆಕ್ಟರ್ ವಿಚಾರಣೆಗೆ ಬಂದಾಗ ಆ ನೋಟ್‌ಬುಕ್ಕೇ ನಿಮ್ಮನ್ನ ಕಾಪಾಡೋದು.

ಕಾರ್ಡ್ ಇರೋರು ಕಾರ್ಡ್ ಮೇಲಿರೋ ವ್ಯಾಲಿಡಿಟಿ ದಿನಾಂಕ ನೋಡಿ, ಈಗ್ಲೇ ನೋಡಿ. ಸ್ಕಾಲರ್‌ಶಿಪ್ ಅರ್ಜಿ ಹಾಕೋ ದಿನ ಕಾರ್ಡ್ ಚಾಲ್ತಿಯಲ್ಲಿ ಇರ್ಲೇಬೇಕು. ನವೀಕರಣಕ್ಕೆ ಅರ್ಜಿ ಹಾಕಿದ್ದೀನಿ ಪೆಂಡಿಂಗ್ ಇದೆ ಅಂದ್ರೆ ನಡೆಯಲ್ಲ, ಅಪ್ರೂವ್ ಆಗಿರ್ಬೇಕು. ಅದಕ್ಕೆ ಅವಧಿ ಮುಗಿಯೋಕೆ ಮೂರು ತಿಂಗಳು ಇರ್ತಾನೇ ಓಡಾಟ ಶುರು ಮಾಡಿ.

ಮಕ್ಕಳ ಹೆಸರು ನಿಮ್ಮ ನೋಂದಣಿಯಲ್ಲಿ ಅವಲಂಬಿತರು ಅಂತ ಸೇರಿದ್ಯಾ ಅಂತಾನೂ ನೋಡಿ. ಮದುವೆಗೆ ಮುಂಚೆ ಕಾರ್ಡ್ ಮಾಡಿಸಿದ್ದು, ಆಮೇಲೆ ಮಕ್ಕಳಾಗಿದ್ದು, ಹೆಸರು ಸೇರಿಸಿಲ್ಲ ಅನ್ನೋ ಕೇಸ್ ನಾನೇ ಎಷ್ಟೋ ನೋಡಿದ್ದೀನಿ.

ಫ್ಯಾಕ್ಟರಿಯೋರಿಗೆ ಈ ಕಾರ್ಡಿನ ತಾಪತ್ರಯ ಇಲ್ಲ. ಕಂಪನಿ ವಂತಿಗೆ ಕಟ್ಟಿದ್ಯಾ ಅನ್ನೋದೇ ಮುಖ್ಯ. ಸಂಬಳದಲ್ಲಿ ಕಟ್ ಮಾಡಿ ಮಂಡಳಿಗೆ ಕಟ್ಟದೇ ಇರೋ ಕಡೆಗಳೂ ಇದಾವೆ, ವಂತಿಗೆ ಕಟ್ಟೋಕೆ ಜನವರಿ 15 ಕೊನೇ ದಿನ, ಅದಾದ್ಮೇಲೆ ಎಚ್‌ಆರ್ ಹತ್ರ ಹೋಗಿ ಕಟ್ಟಿದ್ದೀರಾ ಅಂತ ಕೇಳಿ. ಒಬ್ರೇ ಕೇಳೋಕೆ ಹಿಂಜರಿಕೆ ಆದ್ರೆ ಯೂನಿಯನ್ ಮೂಲಕ ಬರವಣಿಗೇಲಿ ಕೇಳ್ಸಿ.

## ಹಂತ 3: ಹೆಸರು ಎಲ್ಲಾ ಕಡೆ ಒಂದೇ ಥರ ಮಾಡ್ಕೊಳಿ

ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಬರೆಯೋ ರೂಢಿ ಇದೆಯಲ್ಲ, ಇದೇ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಬ್ಯಾಂಕಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು. ಮನುಷ್ಯ ನೋಡಿದ್ರೆ ಒಬ್ರೇ ಅಂತ ಗೊತ್ತಾಗುತ್ತೆ, ಪೋರ್ಟಲ್‌ಗೆ ಗೊತ್ತಾಗಲ್ಲ. ಮಂಜುನಾಥ ಅಂತ ಇಂಗ್ಲಿಷಲ್ಲಿ ಬರೆಯುವಾಗ ಕೊನೇಲಿ ಒಂದು ಅಕ್ಷರ ಇದ್ರೆ ಒಂಥರ ಇಲ್ದಿದ್ರೆ ಒಂಥರ, ಅಷ್ಟಕ್ಕೇ ಸಿಕ್ಕಾಕ್ಕೊಳುತ್ತೆ.

ಏನು ಮಾಡ್ಬೇಕು ಅಂದ್ರೆ, ಒಂದು ಹಾಳೆ ತಗೊಂಡು ಮಗುವಿನ ಹೆಸರು ಆಧಾರ್‌ನಲ್ಲಿ ಹೇಗಿದೆ, ಮಾರ್ಕ್ಸ್ ಕಾರ್ಡಲ್ಲಿ ಹೇಗಿದೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಹೇಗಿದೆ, ಜಾತಿ ಆದಾಯ ಪ್ರಮಾಣಪತ್ರದಲ್ಲಿ ಹೇಗಿದೆ, ರೇಷನ್ ಕಾರ್ಡಲ್ಲಿ ಹೇಗಿದೆ ಅಂತ ಅಕ್ಷರ ಬಿಡದೆ ನೋಡಿ ಬರ್ಕೊಳಿ. ಅದೇ ಥರ ಅಪ್ಪಂದು ಅಥವಾ ಅಮ್ಮಂದು, ಯಾರ ಕಾರ್ಡ್ ಮೇಲೆ ಅರ್ಜಿ ಹಾಕ್ತಿದ್ದೀರೋ ಅವರದ್ದು ಕೂಡ. ಹುಟ್ಟಿದ ದಿನಾಂಕನೂ ಬರ್ಕೊಳಿ, ಎಷ್ಟೋ ಹಿರಿಯರ ಆಧಾರ್‌ನಲ್ಲಿ ಜನವರಿ 1 ಅಂತ ಇರುತ್ತೆ, ಲೇಬರ್ ಕಾರ್ಡಲ್ಲಿ ಬೇರೆ ಇರುತ್ತೆ.

ಯಾವುದನ್ನ ಯಾವುದಕ್ಕೆ ಹೊಂದಿಸ್ಬೇಕು ಅಂತ ಕೇಳ್ತಾರೆ. ಮಗು ಎಸ್ಸೆಸ್ಸೆಲ್ಸಿ ಮುಗಿಸಿದ್ರೆ ಮಾರ್ಕ್ಸ್ ಕಾರ್ಡ್ ತಿದ್ದಿಸೋದು ತುಂಬಾ ಕಷ್ಟ, ಹಾಗಾಗಿ ಅದನ್ನೇ ಮೂಲ ಅಂತ ಇಟ್ಕೊಂಡು ಆಧಾರ್ ತಿದ್ದಿಸಿ, ಆಮೇಲೆ ಬ್ಯಾಂಕ್. ಮಗು ಇನ್ನೂ ಎಂಟು ಒಂಬತ್ತರಲ್ಲಿ ಇದ್ರೆ ಇದು ಒಳ್ಳೇ ಸಮಯ, ಸ್ಕೂಲ್ ದಾಖಲೆ ಮತ್ತೆ ಆಧಾರ್ ಎರಡನ್ನೂ ನೋಡಿ ಹತ್ತನೇ ಕ್ಲಾಸ್ ಪರೀಕ್ಷೆ ನೋಂದಣಿಗೆ ಮುಂಚೆ ಸರಿಮಾಡ್ಸಿ. ಆಧಾರ್‌ನಲ್ಲಿ ಹೆಸರು ಬದಲಾಯಿಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅವಸರದಲ್ಲಿ ತಪ್ಪು ಸ್ಪೆಲ್ಲಿಂಗ್ ಕೊಟ್ಟು ಒಂದನ್ನ ಹಾಳು ಮಾಡ್ಕೋಬೇಡಿ. ಸೆಂಟರ್‌ನಲ್ಲಿ ಸ್ಲಿಪ್ ಕೊಟ್ಟಾಗ ಅಲ್ಲೇ ನಿಂತು ಒಂದೊಂದಕ್ಷರ ಓದಿ.

ಮಕ್ಕಳಿಗೆ 5 ವರ್ಷಕ್ಕೆ ಮತ್ತೆ 15 ವರ್ಷಕ್ಕೆ ಆಧಾರ್ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸ್ಲೇಬೇಕು. ಮಾಡಿಸ್ದೇ ಇದ್ರೆ ಬೆರಳಚ್ಚು ಮುಖ ಯಾವುದೂ ಮ್ಯಾಚ್ ಆಗಲ್ಲ. ನ್ಯಾಷನಲ್ ಪೋರ್ಟಲ್‌ನಲ್ಲಿ ಒಟಿಆರ್ ನಂಬರ್ (ಒಂದೇ ಸಲ ಮಾಡೋ ನೋಂದಣಿಯ ನಂಬರ್) ತಗೊಳೋವಾಗ ಫೋನಲ್ಲಿ ಮುಖ ತೋರಿಸ್ಬೇಕಾಗುತ್ತೆ, ನಾಲ್ಕು ವರ್ಷದ ಮಗು ಫೋಟೋ ಇಟ್ಕೊಂಡು ಹದಿನಾರರ ಹುಡುಗನ ಮುಖ ಹೇಗೆ ಒಪ್ಪುತ್ತೆ ಅದು.

## ಹಂತ 4: ಬ್ಯಾಂಕ್ ಖಾತೆ

ಅರ್ಜಿ ಅಪ್ರೂವ್ ಆಗಿದೆ, ಸ್ಟೇಟಸ್‌ನಲ್ಲಿ ಮಂಜೂರು ಅಂತಾನೂ ತೋರ್ಸುತ್ತೆ, ದುಡ್ಡು ಬಂದಿಲ್ಲ. ಹೀಗೆ ಬಂದೋರ ಖಾತೆ ನೋಡಿದ್ರೆ ಹೆಚ್ಚಾಗಿ ಸಿಗೋದು ಒಂದೇ ಕಾರಣ. ಬ್ಯಾಂಕಲ್ಲಿ ಆಧಾರ್ ಜೆರಾಕ್ಸ್ ಕೊಟ್ಟಿದ್ದೀವಿ, ಲಿಂಕ್ ಆಗಿದೆ ಅಂತ ಅವರು ಹೇಳ್ತಾರೆ. ಕೆವೈಸಿಗೆ ಆಧಾರ್ ಕೊಡೋದೇ ಬೇರೆ, ಸರ್ಕಾರದ ದುಡ್ಡು ಬರೋಕೆ ಎನ್‌ಪಿಸಿಐ ಮ್ಯಾಪಿಂಗ್ ಆಗೋದೇ ಬೇರೆ, ಅಂದ್ರೆ ಈ ಆಧಾರ್‌ನ ದುಡ್ಡು ಈ ಬ್ಯಾಂಕಿಗೆ ಅಂತ ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಾಗೋದು, ಇದನ್ನೇ ಸೀಡಿಂಗ್ ಅಂತಾನೂ ಕರೀತಾರೆ. ಎರಡನೇದು ಆಗಿದ್ರೆ ಮಾತ್ರ ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ಸೀದಾ ಖಾತೆಗೆ ಹಾಕೋ ದುಡ್ಡು, ಬೀಳುತ್ತೆ. ಒಂದು ಆಧಾರ್‌ಗೆ ಒಂದೇ ಸಮಯದಲ್ಲಿ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತೆ, ಕೊನೇಲಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿದ್ದೀರೋ ಅಲ್ಲಿಗೆ ಹೋಗುತ್ತೆ. ಮಗಳು ಕಾಲೇಜಲ್ಲಿ ಇನ್ನೊಂದು ಖಾತೆ ತೆಗೆದಿದ್ರೆ ದುಡ್ಡು ಅಲ್ಲಿ ಬಿದ್ದಿರುತ್ತೆ, ನೀವು ಹಳೇ ಪಾಸ್‌ಬುಕ್ ಎಂಟ್ರಿ ಹಾಕಿಸ್ತಾ ಇರ್ತೀರ.

ಚೆಕ್ ಮಾಡೋಕೆ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಆಧಾರ್ ನಂಬರ್ ಹಾಕಿ ಒಟಿಪಿ ಕೊಟ್ರೆ ಯಾವ ಬ್ಯಾಂಕ್, ಆಕ್ಟಿವ್ ಇದ್ಯಾ ಇಲ್ವಾ ಅಂತ ಬರುತ್ತೆ. ಇಲ್ಲ ಅಂತ ಬಂದ್ರೆ ಬ್ಯಾಂಕಿಗೆ ಹೋಗಿ "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡ್ಕೊಡಿ" ಅಂತ ಇದೇ ಮಾತಲ್ಲಿ ಕೇಳಿ, ಬರೀ ಆಧಾರ್ ಲಿಂಕ್ ಅಂದ್ರೆ ಕೆವೈಸಿ ಮಾಡಿ ಕಳಿಸ್ತಾರೆ. ಒಂದು ವಾರ ಬಿಟ್ಟು ಮತ್ತೆ ಚೆಕ್ ಮಾಡಿ. ಬ್ಯಾಂಕಲ್ಲಿ ತುಂಬಾ ಅಲೆಸಿದ್ರೆ ಪೋಸ್ಟ್ ಆಫೀಸಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆಗೆಸಿ, ಅಲ್ಲೇ ಸೀಡಿಂಗೂ ಮಾಡ್ಕೊಡ್ತಾರೆ.

ಖಾತೆ ನಂಬರು ಐಎಫ್‌ಎಸ್‌ಸಿ ಕೈಯಾರೆ ತುಂಬೋ ಅರ್ಜಿಗಳಲ್ಲಿ ಹಳೇ ಪಾಸ್‌ಬುಕ್ ನಂಬಬೇಡಿ. ವಿಜಯ ಬ್ಯಾಂಕ್, ಸಿಂಡಿಕೇಟ್, ಕಾರ್ಪೊರೇಷನ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಎಲ್ಲ ಬೇರೆ ಬ್ಯಾಂಕಲ್ಲಿ ವಿಲೀನ ಆಗಿ ವರ್ಷಗಳಾಯ್ತು, ಹಳೇ ಕೋಡ್ ಈಗ ನಡೆಯಲ್ಲ. ಆದ್ರೂ ನಮ್ಮೋರ ಮನೇಲಿ ಆ ಪಾಸ್‌ಬುಕ್ಕೇ ಇರುತ್ತೆ. ಹೊಸ ಪಾಸ್‌ಬುಕ್ ತಗೊಂಡು ಮೊದಲ ಪುಟದ ಕೋಡ್ ನೋಡಿ ಬರೀರಿ. ಎರಡು ವರ್ಷ ಮುಟ್ಟದೇ ಇರೋ ಖಾತೆ ನಿಷ್ಕ್ರಿಯ ಆಗಿರುತ್ತೆ, ನೂರು ರೂಪಾಯಿ ಹಾಕೋಕೆ ಹೋದ್ರೆ ಗೊತ್ತಾಗ್ಬಿಡುತ್ತೆ.

## ಹಂತ 5: ಪೇಪರ್ ಎಲ್ಲ ಒಂದು ಫೈಲಿಗೆ

ಅರ್ಜಿ ಹಾಕೋ ದಿನ ಕೈಯಲ್ಲಿ ಇರ್ಬೇಕಾದ್ದು: ಮಗುವಿನ ಆಧಾರ್, ಅಪ್ಪ ಅಮ್ಮನ ಆಧಾರ್, ಮಂಡಳಿ ಕಾರ್ಡ್ ಅಥವಾ ಕಂಪನಿ ಐಡಿ ಜೊತೆ ಸಂಬಳದ ಸ್ಲಿಪ್, ಹಿಂದಿನ ವರ್ಷದ ಮಾರ್ಕ್ಸ್ ಕಾರ್ಡ್, ಈ ವರ್ಷದ ವ್ಯಾಸಂಗ ಪ್ರಮಾಣಪತ್ರ, ಫೀಸ್ ರಶೀದಿ, ರೇಷನ್ ಕಾರ್ಡ್, ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗೋ ನಂಬರ್. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ, ಮುಗಿದಿದ್ರೆ ನಾಡಕಚೇರಿಯಲ್ಲಿ ಮೊದಲೇ ಹಾಕ್ಬಿಡಿ, ಸ್ಕಾಲರ್‌ಶಿಪ್ ಸೀಸನ್‌ನಲ್ಲಿ ಅಲ್ಲಿ ಸಿಕ್ಕಾಪಟ್ಟೆ ರಶ್.

ಸ್ಕೂಲ್ ಮಕ್ಕಳಾದ್ರೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡೋ ನಂಬರ್) ಹೆಡ್‌ಮಾಸ್ಟರ್ ಹತ್ರ ಕೇಳಿ ಬರೆಸ್ಕೊಳಿ. ಕಾಲೇಜು ಮಕ್ಕಳಾದ್ರೆ ಯೂನಿವರ್ಸಿಟಿ ರಿಜಿಸ್ಟ್ರೇಷನ್ ನಂಬರ್ ಬೇಕು, ಫಸ್ಟ್ ಇಯರ್‌ನೋರಿಗೆ ಇದು ತಡವಾಗಿ ಸಿಗುತ್ತೆ, ಅಲ್ಲಿ ತನಕ ಬೇರೆ ಎಲ್ಲ ರೆಡಿ ಮಾಡಿಟ್ಕೊಳಿ.

ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ಅಂದ್ರೆ ಎಸ್‌ಎಸ್‌ಪಿ ಮೂಲಕ ಹಾಕೋರಿಗೆ ಇ-ದೃಢೀಕರಣ ಅಂತ ಒಂದಿದೆ. ಒರಿಜಿನಲ್ ದಾಖಲೆ ತಗೊಂಡು ಕಾಲೇಜಲ್ಲಿ ಆ ಕೆಲಸಕ್ಕೆ ನೇಮಿಸಿರೋ ಅಧಿಕಾರಿ ಹತ್ರ ಹೋಗ್ಬೇಕು, ಅವರು ಸ್ಕ್ಯಾನ್ ಮಾಡಿ ದೃಢೀಕರಿಸಿದ್ರೆ ಒಂದೊಂದು ದಾಖಲೆಗೂ ಒಂದು ಐಡಿ ಬರುತ್ತೆ, ಆ ಐಡಿನೇ ಅರ್ಜೀಲಿ ಹಾಕೋದು. ಇದು ಒಂದೇ ದಿನದ ಕೆಲಸ ಅಲ್ಲ. ಕೊನೇ ದಿನ ಸಂಜೆ ಸೈಬರ್‌ಗೆ ಬಂದು ಕೂತಾಗ ಈ ಐಡಿ ಕೇಳಿದ್ರೆ ಮುಗೀತು ಕಥೆ.

ಮೊಬೈಲಲ್ಲಿ ಫೋಟೋ ತೆಗೆದು ಹಾಕ್ತೀರಾದ್ರೆ ಬಿಸಿಲಲ್ಲಿ ಸಮತಟ್ಟಾಗಿ ಇಟ್ಟು ತೆಗೀರಿ, ನಾಲ್ಕು ಮೂಲೆನೂ ಕಾಣ್ಬೇಕು, ನೆರಳು ಬೀಳಬಾರದು. ಓದೋಕೆ ಆಗಲ್ಲ ಅಂತ ವಾಪಸ್ ಕಳಿಸೋದು ತುಂಬಾ ಸಾಮಾನ್ಯ.

## ಹಂತ 6: ಈಗ ಅರ್ಜಿ

ಸಾಧ್ಯ ಆದ್ರೆ ಮಗುನೇ ಕೂರಿಸಿ ತುಂಬಿಸಿ, ಪಕ್ಕದಲ್ಲಿ ನೀವಿರಿ. ಸೈಬರ್‌ನಲ್ಲೋ ಗ್ರಾಮ ಒನ್‌ನಲ್ಲೋ ಹಾಕ್ಸಿದ್ರೂ ತಪ್ಪೇನಿಲ್ಲ, ಆದ್ರೆ ಮೊಬೈಲ್ ನಂಬರ್ ನಿಮ್ಮದೇ ಇರ್ಬೇಕು. ಕೆಲವು ಅಂಗಡಿಯೋರು ಒಟಿಪಿ ಸುಲಭ ಆಗ್ಲಿ ಅಂತ ತಮ್ಮ ನಂಬರ್ ಹಾಕ್ಬಿಡ್ತಾರೆ, ಆಮೇಲೆ ತಿದ್ದುಪಡಿಗೆ ಬಂದ ಮೆಸೇಜ್ ಅವರಿಗೆ ಹೋಗಿ ಅಲ್ಲೇ ಸತ್ತೋಗುತ್ತೆ. ಯೂಸರ್ ಐಡಿ ಪಾಸ್‌ವರ್ಡ್ ನೀವೇ ಬರ್ಕೊಂಡು ಫೈಲಲ್ಲಿಡಿ.

ತುಂಬುವಾಗ ಹೆಚ್ಚು ತಪ್ಪಾಗೋದು ಕೋರ್ಸ್ ಮತ್ತೆ ವರ್ಷ ಆಯ್ಕೆ ಮಾಡೋ ಕಡೆ. ಡಿಪ್ಲೊಮಾ ಎರಡನೇ ವರ್ಷದ ಹುಡುಗ ಹಿಂದಿನ ವರ್ಷದ್ದೇ ನೆನಪಲ್ಲಿ ಮೊದಲನೇ ವರ್ಷ ಅಂತ ಒತ್ತಿರ್ತಾನೆ, ಲ್ಯಾಟರಲ್ ಎಂಟ್ರಿಯಲ್ಲಿ ಇಂಜಿನಿಯರಿಂಗ್ ಸೇರಿದೋರು ಫಸ್ಟ್ ಇಯರ್ ಅಂತ ಹಾಕಿರ್ತಾರೆ. ಒಂದೇ ಹೆಸರಿನ ಎರಡು ಮೂರು ಕಾಲೇಜು ಪಟ್ಟೀಲಿ ಇರುತ್ತೆ, ಊರು ತಾಲೂಕು ನೋಡಿ ಆರಿಸಿ, ತಪ್ಪು ಕಾಲೇಜು ಆರಿಸಿದ್ರೆ ಅರ್ಜಿ ಆ ಕಾಲೇಜಿನ ಲಾಗಿನ್‌ಗೆ ಹೋಗಿ ಕೂರುತ್ತೆ, ನಿಮ್ಮ ಕಾಲೇಜಿನೋರಿಗೆ ಕಾಣೋದೇ ಇಲ್ಲ.

ಅಪ್ಪ ಕಟ್ಟಡ ಕಾರ್ಮಿಕ, ಅಮ್ಮ ಗಾರ್ಮೆಂಟ್ಸ್, ಇಂಥ ಮನೆ ಬೇಕಾದಷ್ಟಿದೆ. ಒಂದೇ ಮಗು ಹೆಸರಲ್ಲಿ ಎರಡೂ ಕಡೆ ಹಾಕೋಕೆ ಮುಂಚೆ ಆ ವರ್ಷದ ನಿಯಮ ಓದಿ. ಬೀಡಿ ಯೋಜನೇಲಂತೂ ಬೇರೆ ಸ್ಕಾಲರ್‌ಶಿಪ್ ತಗೋತಿದ್ರೆ ಇದು ಸಿಗಲ್ಲ ಅಂತ ಇದೆ. ಎಲ್ಲಾ ಆಧಾರ್ ಮೇಲೇ ನಡೆಯೋದ್ರಿಂದ ಮುಚ್ಚಿಟ್ರೆ ಗೊತ್ತಾಗುತ್ತೆ, ಕೊಟ್ಟಿದ್ದನ್ನ ವಾಪಸ್ ಕಟ್ಟಿ ಅಂತಾರೆ, ಆ ಹೊತ್ತಿಗೆ ದುಡ್ಡು ಫೀಸಿಗೆ ಖರ್ಚಾಗಿರುತ್ತೆ. ಮಕ್ಕಳು ಇಬ್ರಿದ್ರೆ ಒಬ್ಬರನ್ನ ಅಪ್ಪನ ಕಡೆಯಿಂದ, ಇನ್ನೊಬ್ಬರನ್ನ ಅಮ್ಮನ ಕಡೆಯಿಂದ ಹಾಕೋದನ್ನ ಯೋಚನೆ ಮಾಡಿ.

ಡ್ರಾಫ್ಟ್ ಸೇವ್ ಆಗೋದು ಬೇರೆ, ಫೈನಲ್ ಸಬ್ಮಿಟ್ ಬೇರೆ. ಅರ್ಜಿ ಸಂಖ್ಯೆ ಇರೋ ಸ್ವೀಕೃತಿ ಪ್ರಿಂಟ್ ಕೈಗೆ ಬರೋ ತನಕ ಅರ್ಜಿ ಹಾಕಿಲ್ಲ ಅಂತಾನೇ ತಿಳ್ಕೊಳಿ.

## ಹಂತ 7: ಸಬ್ಮಿಟ್ ಆದ್ಮೇಲೆ ಸುಮ್ನಿರಬೇಡಿ

ಅರ್ಜಿ ಸೀದಾ ಮಂಡಳಿಗೆ ಹೋಗಲ್ಲ, ಮಧ್ಯದಲ್ಲಿ ಸ್ಟಾಪ್‌ಗಳಿವೆ. ಕಾರ್ಮಿಕ ಕಲ್ಯಾಣ ಮಂಡಳಿ ಅರ್ಜಿ ಆದ್ರೆ ಮೊದಲು ಸ್ಕೂಲು ಅಥವಾ ಕಾಲೇಜಿನೋರು ತಮ್ಮ ಲಾಗಿನ್‌ನಲ್ಲಿ ದೃಢೀಕರಿಸ್ಬೇಕು, ಆಮೇಲೆ ಕಂಪನಿಯೋರು ತಮ್ಮ ಲಾಗಿನ್‌ನಲ್ಲಿ ಹೌದು ಇವರು ನಮ್ಮ ಕಾರ್ಮಿಕರು, ಸಂಬಳ ಇಷ್ಟು ಅಂತ ಒಪ್ಬೇಕು. ಇವರಲ್ಲಿ ಯಾರೊಬ್ರು ಒತ್ತದೇ ಇದ್ರೂ ಅರ್ಜಿ ಅಲ್ಲೇ ನಿಂತಿರುತ್ತೆ, ನಿಮಗೆ ಫೋನ್ ಮಾಡಿ ಹೇಳೋರು ಯಾರೂ ಇಲ್ಲ. ಬೀಡಿ ಅರ್ಜಿ ಆದ್ರೂ ಅಷ್ಟೇ, ಶಾಲೆ ದೃಢೀಕರಿಸಿದ ಮೇಲೇ ಕಾರ್ಮಿಕ ಕಲ್ಯಾಣ ಆಯುಕ್ತರ ಕಚೇರಿಗೆ ಹೋಗೋದು.

ಇದರಲ್ಲಿ ನನಗೆ ಮರೆಯೋಕಾಗದ ಒಂದು ಕೇಸಿದೆ. ಗಾರ್ಮೆಂಟ್ಸ್‌ನ ಒಬ್ರು ಅಕ್ಕ, ಮಗಳು ಡಿಗ್ರಿ ಮೊದಲ ವರ್ಷ, ಎಲ್ಲಾ ಪೇಪರ್ ಒಂದು ಚುಕ್ಕೆ ತಪ್ಪಿಲ್ಲದ ಹಾಗೆ ನಾನೇ ಹಾಕ್ಸಿದ್ದೆ. ಕಾಲೇಜಿನೋರು ಎರಡೇ ದಿನದಲ್ಲಿ ಒಪ್ಪಿದ್ರು. ಫ್ಯಾಕ್ಟರೀಲಿ ಆ ಲಾಗಿನ್ ನೋಡ್ಕೊಳ್ತಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಕೊನೇ ದಿನ ದಾಟೋ ತನಕ ನಮಗೂ ತಿಳೀಲಿಲ್ಲ. ಆ ಒಂದು ಅರ್ಜಿ ಅಲ್ಲ, ಆ ಫ್ಯಾಕ್ಟರಿಯ ಅಷ್ಟೂ ಅರ್ಜಿ ಹಾಗೇ ಹೋಯ್ತು. ಅವತ್ತು ಆ ಅಕ್ಕ ಒಂದ್ಮಾತೂ ಬೈಲಿಲ್ಲ ನನಗೆ, ಅದೇ ಇನ್ನೂ ಚುಚ್ಚುತ್ತೆ. ಅವತ್ತಿಂದ ಅರ್ಜಿ ಶುರುವಾಗೋಕೆ ಮುಂಚೇನೇ ಪ್ರತಿ ಕಂಪನಿಗೆ ಯೂನಿಯನ್‌ನಿಂದ ಒಂದು ಪತ್ರ ಕೊಡ್ತೀವಿ, ಲಾಗಿನ್ ಯಾರ ಹತ್ರ ಇದೆ, ಕೆಲಸ ಮಾಡ್ತಿದ್ಯಾ ಅಂತ ಕೇಳಿ. ನೀವೂ ಕೇಳ್ಸಿ.

ಅರ್ಜಿ ಹಾಕಿ ಒಂದು ವಾರಕ್ಕೆ ಸ್ವೀಕೃತಿ ಪ್ರಿಂಟ್ ತಗೊಂಡು ಕಾಲೇಜಿನ ಸ್ಕಾಲರ್‌ಶಿಪ್ ಕ್ಲರ್ಕ್ ಹತ್ರ ಮಗುನ ಕಳಿಸಿ. ಇನ್ನೊಂದು ವಾರಕ್ಕೆ ಎಚ್‌ಆರ್. ಆಮೇಲೆ ಹದಿನೈದು ದಿನಕ್ಕೊಂದ್ಸಲ ಪೋರ್ಟಲ್‌ನಲ್ಲಿ ಸ್ಟೇಟಸ್. ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ ಕಾಣೋ ಹಾಗೆ.

## ಎಚ್ಚರಿಕೆ ಗಂಟೆ: ಇಂಥದ್ದು ಕಂಡ್ರೆ ಅಲ್ಲೇ ನಿಲ್ಲಿ

"ಕಾರ್ಡ್ ನಾನ್ ಮಾಡಿಸ್ತೀನಿ, ನೀವು ಕಟ್ಟಡ ಕೆಲಸ ಮಾಡ್ದೇ ಇದ್ರೂ ಪರವಾಗಿಲ್ಲ, ದುಡ್ಡು ಬಂದ್ಮೇಲೆ ಅರ್ಧ ಕೊಡಿ" ಅನ್ನೋರು ಪ್ರತಿ ಊರಲ್ಲೂ ಇದಾರೆ. ಬೋಗಸ್ ಕಾರ್ಡ್ ಪತ್ತೆ ಮಾಡಿ ರದ್ದು ಮಾಡೋದು ನಡೀತಾನೇ ಇದೆ. ರದ್ದಾದ್ರೆ ಸ್ಕಾಲರ್‌ಶಿಪ್ ಒಂದೇ ಅಲ್ಲ, ಮುಂದೆ ಯಾವ ಸೌಲಭ್ಯಕ್ಕೂ ಹೆಸರು ಇರಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ಬೋಗಸ್ ಕಾರ್ಡಿಂದ ನಿಜವಾಗ್ಲೂ ಬಿಸಿಲಲ್ಲಿ ಕಬ್ಬಿಣ ಕಟ್ಟೋನ ಅರ್ಜಿನ ಮೂರು ಸಲ ಅನುಮಾನದಿಂದ ನೋಡೋ ಹಾಗಾಗಿದೆ, ಇದು ನಮಗೆ ದಿನಾ ಕಾಣ್ತಿರೋ ಸತ್ಯ.

ಫೋನಲ್ಲಿ ಯಾರಾದ್ರೂ ನಿಮ್ಮ ಮಗಳ ಸ್ಕಾಲರ್‌ಶಿಪ್ ಮಂಜೂರಾಗಿದೆ ಒಟಿಪಿ ಹೇಳಿ ಅಂದ್ರೆ ಕಟ್ ಮಾಡಿ. ಪ್ರೊಸೆಸಿಂಗ್ ಫೀಸ್ ಅಂತ ಯುಪಿಐಗೆ ದುಡ್ಡು ಕೇಳಿದ್ರೂ ಅಷ್ಟೇ. ಎಟಿಎಂ ಕಾರ್ಡು ಪಾಸ್‌ಬುಕ್ಕು ತನ್ನ ಹತ್ರ ಇಟ್ಕೊಳ್ತೀನಿ ಅನ್ನೋ ಏಜೆಂಟ್ ಎಷ್ಟೇ ಪರಿಚಯದೋನಾಗ್ಲಿ, ಕೊಡಬೇಡಿ.

## ಹಂತ 8: ರಿಜೆಕ್ಟ್ ಆದ್ರೆ, ಅಥವಾ ತಿಂಗಳುಗಟ್ಟಲೆ ಪೆಂಡಿಂಗ್ ಇದ್ರೆ

ರಿಜೆಕ್ಟ್ ಅಂತ ಕಂಡ ತಕ್ಷಣ ಮುಗೀತು ಅಂದ್ಕೋಬೇಡಿ. ಕಾರಣ ಏನು ಬರೆದಿದ್ದಾರೆ ಓದಿ. ದಾಖಲೆ ಸ್ಪಷ್ಟ ಇಲ್ಲ, ಹೆಸರು ಹೊಂದ್ತಿಲ್ಲ ಅಂತ ತಿದ್ದುಪಡಿಗೆ ವಾಪಸ್ ಕಳಿಸಿದ್ರೆ ಅದಕ್ಕೊಂದು ಗಡುವು ಇರುತ್ತೆ, ಅದರೊಳಗೆ ಸರಿ ಮಾಡಿ ಮತ್ತೆ ಕಳಿಸಿದ್ರೆ ಸಾಕು. ಅರ್ಹತೆ ಇಲ್ಲ ಅಂತ ಬರೆದಿದ್ರೆ ಯಾವ ನಿಯಮದ ಪ್ರಕಾರ ಇಲ್ಲ ಅಂತ ಬರವಣಿಗೇಲಿ ಕೇಳಿ.

ಮೊದಲು ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಕೊಟ್ರೆ ಬರ್ಕೊಳಿ. ಆಮೇಲೆ ನಿಮ್ಮ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಒಂದು ಹಾಳೆ ಮನವಿ, ಅರ್ಜಿ ಸಂಖ್ಯೆ ಹಾಕಿದ ದಿನಾಂಕ ಸ್ಕ್ರೀನ್‌ಶಾಟ್ ಜೊತೆ. ಇನ್ನೊಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಂಡು ಬನ್ನಿ, ಇದನ್ನ ಬಿಟ್ರೆ ನೀವು ಹೋಗಿದ್ದಕ್ಕೆ ಸಾಕ್ಷಿನೇ ಇರಲ್ಲ. ತಿಂಗಳಾದ್ರೂ ಉತ್ತರ ಇಲ್ಲ ಅಂದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಫೀಸ್ 10 ರೂಪಾಯಿ, ಬಿಪಿಎಲ್‌ನೋರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡ್ಬೇಕು. ಪ್ರಶ್ನೆ ಚಿಕ್ಕದಾಗಿರ್ಲಿ: ನನ್ನ ಅರ್ಜಿ ಸಂಖ್ಯೆ ಇಂಥದ್ದು ಈಗ ಯಾವ ಹಂತದಲ್ಲಿದೆ, ಯಾವ ಅಧಿಕಾರಿ ಹತ್ರ ಯಾವ ದಿನಾಂಕದಿಂದ ಇದೆ, ರಿಜೆಕ್ಟ್ ಆಗಿದ್ರೆ ಕಾರಣ ಮತ್ತು ಆದೇಶದ ಪ್ರತಿ ಕೊಡಿ. ಯಾಕೆ ಬಡವರಿಗೆ ಅನ್ಯಾಯ ಮಾಡ್ತೀರಿ ಅಂತೆಲ್ಲ ಬರೆದ್ರೆ ಅದು ಮಾಹಿತಿ ಅಲ್ಲ ಅಂತ ತಳ್ಳಿಹಾಕ್ತಾರೆ.

ಹತ್ತು ಹದಿನೈದು ಜನರದ್ದು ಒಂದೇ ಕಾರಣಕ್ಕೆ ನಿಂತಿದ್ರೆ ಒಬ್ಬೊಬ್ರೇ ಹೋಗ್ಬೇಡಿ. ಸಂಘದ ಲೆಟರ್‌ಹೆಡ್‌ನಲ್ಲಿ ಎಲ್ರ ಅರ್ಜಿ ಸಂಖ್ಯೆ ಪಟ್ಟಿ ಮಾಡಿ ಒಟ್ಟಿಗೆ ಕೊಡಿ, ಹೀಗೆ ಕೊಟ್ಟಾಗ ಕೆಲಸ ಬೇಗ ಆಗಿದ್ದನ್ನ ನಾನು ಪ್ರತಿ ಸಲ ನೋಡಿದ್ದೀನಿ.

## ಹಂತ 9: ಸಂಘದವರೇ ಕೊಡೋದನ್ನ ಬಿಡಬೇಡಿ

ಸರ್ಕಾರದ್ದರ ಹಿಂದೆ ಓಡೋ ಭರದಲ್ಲಿ ಇದನ್ನ ಮರೀತಾರೆ. ಎಷ್ಟೋ ನೌಕರರ ಸಂಘಗಳು, ಫ್ಯಾಕ್ಟರಿಯ ಪತ್ತಿನ ಸಹಕಾರ ಸಂಘಗಳು ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಅಂತ ನಗದು ಕೊಡ್ತವೆ. ರಾಜ್ಯ ಸರ್ಕಾರಿ ನೌಕರರ ಸಂಘ ಎಸ್ಸೆಸ್ಸೆಲ್ಸಿ ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದ ಮಕ್ಕಳಿಗೆ ಕೊಡುತ್ತೆ. ಇಲ್ಲಿ ಸ್ಪರ್ಧೆ ಕಡಿಮೆ, ಪೇಪರ್ ಕಡಿಮೆ, ಗಡುವು ಮಾತ್ರ ತುಂಬಾ ಚಿಕ್ಕದು, ನೋಟಿಸ್ ಬೋರ್ಡಲ್ಲಿ ಹಾಕಿ ಹತ್ತು ಹದಿನೈದು ದಿನಕ್ಕೆ ಮುಗಿಸ್ಬಿಡ್ತಾರೆ.

ಸಹಕಾರ ಸಂಘಗಳು ವಾರ್ಷಿಕ ಮಹಾಸಭೆನ ಸೆಪ್ಟೆಂಬರ್ 25ರ ಒಳಗೆ ಮಾಡ್ಬೇಕು ಅಂತ ಕಾನೂನಿದೆ, ಪುರಸ್ಕಾರ ಹೆಚ್ಚಾಗಿ ಅದೇ ಸಭೇಲಿ ಕೊಡ್ತಾರೆ. ಹಾಗಾಗಿ ಜುಲೈನಿಂದ್ಲೇ ನೋಟಿಸ್ ಬೋರ್ಡ್ ಮೇಲೆ ಕಣ್ಣಿಡಿ. ಮಾರ್ಕ್ಸ್ ಕಾರ್ಡ್ ಜೆರಾಕ್ಸ್, ಸದಸ್ಯತ್ವ ಸಂಖ್ಯೆ, ಎರಡು ಫೋಟೋ, ಇಷ್ಟೇ ಕೇಳೋದು. ರಿಜೆಕ್ಟ್ ಆಗೋದು ಚಂದಾ ಬಾಕಿ ಇದ್ದಾಗ ಅಥವಾ ಸಾಲದ ಕಂತು ಸುಸ್ತಿ ಆದಾಗ, ಅದಕ್ಕೆ ರಿಸಲ್ಟ್ ಬರೋಕೆ ಮುಂಚೇನೇ ಬಾಕಿ ತೀರಿಸಿ ರಶೀದಿ ತಗೊಂಡಿರಿ. ನಿಮ್ಮ ಸಂಘದಲ್ಲಿ ಇಂಥದ್ದು ಇಲ್ವೇ ಇಲ್ಲ ಅಂದ್ರೆ ಮಹಾಸಭೇಲಿ ಎದ್ದು ಕೇಳಿ, ಸಭೆಗೆ ಒಂದು ವಾರ ಮುಂಚೆ ಕಾರ್ಯದರ್ಶಿಗೆ ಬರ್ಕೊಟ್ರೆ ವಿಷಯ ಅಜೆಂಡಾದಲ್ಲಿ ಬರುತ್ತೆ. ನಮ್ಮ ಸಂಘದಲ್ಲಿ ಶುರುವಾಗಿದ್ದು ಹಾಗೇ, ಮೊದಲನೇ ವರ್ಷ ಮೂರೇ ಮಕ್ಕಳಿಗೆ ಕೊಟ್ವಿ.